ಹೊಲಿದು ಬಿಚ್ಚಿದ ಹುಲ್ಲು

"ಅಂಟು ಹಚ್ಚಿದೀರಾ?"

"ಕಣ್ಣು ಕಾಣಲ್ವಾ ಸಾರ್? ಹೊಲೀತಿದೀನಿ!"

ಮಂಡಿಯೂರಿ ಕೂತಿದ್ದವಳು ಸಿಡುಕಿ ತಲೆಯೆತ್ತಿದಳು. ಎದುರಿಗೆ ನಿಂತಿದ್ದವನು ನಗರಸಭೆಯ ಮೈದಾನ ಪರೀಕ್ಷಕ.

ಮಕ್ಕಳ ಆಟದ ಮೈದಾನಕ್ಕೆ ಅವಳ ಅಪ್ಪನ ಗುಂಪು ಹಾಸುತ್ತಿದ್ದ ಕೃತಕ ಹುಲ್ಲು ಎಸಳಿನಿಂದ ಬುಡದವರೆಗೆ ಒಂದೇ ಬಗೆಯ ಪ್ಲಾಸ್ಟಿಕ್ಕಿನದು. ಹಳತಾದ ಮೇಲೆ ಸುತ್ತಿ ಒಯ್ದು, ಕರಗಿಸಿ, ಮತ್ತೆ ಹುಲ್ಲನ್ನೇ ಮಾಡಬಹುದು. ಅಂಟು ಸೋಕಿತೋ, ಅದು ಬರೀ ಕಸ. ಅದಕ್ಕೇ ಪಟ್ಟಿಗೆ ಪಟ್ಟಿ ಸೇರಿಸಿ ಕೈಯಲ್ಲೇ ಹೊಲಿಯಬೇಕು.

ಅವನು ಕುಕ್ಕರುಗಾಲಲ್ಲಿ ಕೂತು ಹುಲ್ಲಿನ ಮೇಲೆ ಬೆರಳಾಡಿಸಿದ.

"ಎಲ್ಲಿದೆ ಹೊಲಿಗೆ? ಸಿಗ್ತಾನೇ ಇಲ್ಲ!"

"ಸಿಗಬಾರದು ಅಂತಾನೇ ಹೊಲಿಯೋದು."

ಅವನು ನಕ್ಕುಬಿಟ್ಟ. ಅವಳ ಎದೆಯಲ್ಲಿ ಏನೋ ಝಲ್ಲೆಂದಿತು…

ಆಮೇಲೆ ಐದು ವಾರ ಅವನು ಬಾರದ ದಿನವಿಲ್ಲ. ಪರೀಕ್ಷಿಸುವಂಥದ್ದು ಏನೂ ಇಲ್ಲದ ದಿನವೂ ಬಂದ. ಕೆಲಸದವರು ಮುಸಿಮುಸಿ ನಕ್ಕರು. ಮಾತು ಕಡಿಮೆ. ಬಿಸಿಲು ತಿರುಗಿದಾಗ ಅವಳ ನೀರಿನ ಬಾಟಲಿಯನ್ನು ನೆರಳಿಗೆ ಸರಿಸಿಡುತ್ತಿದ್ದ, ಅಷ್ಟೇ. ಅವಳಿಗೆ ಅಷ್ಟೇ ಸಾಕಾಗಿತ್ತು.

ಕೊನೆಯ ದಿನ ಅಂತಿಮ ಪರೀಕ್ಷೆ. ಜಾರುಬಂಡಿಯ ಕೆಳಗೆ ಎತ್ತರದಿಂದ ಕಬ್ಬಿಣದ ಗುಂಡು ಬೀಳಿಸಿ, ಪೆಟ್ಟು ಅಳೆಯುವ ಯಂತ್ರ ನೋಡಿದ. ಮತ್ತೊಮ್ಮೆ. ಮಗದೊಮ್ಮೆ. ಅವನ ಮುಖ ಬಿಳಿಚಿಕೊಂಡಿತು.

"ಇದಕ್ಕೆ ನಾನು ಸಹಿ ಹಾಕಲ್ಲ. ಪೂರ್ತಿ ತೆಗೀಬೇಕು."

"ಯಾಕೆ? ನಮ್ಮಿಂದ ಏನು ತಪ್ಪಾಯ್ತು?"

"ಖಾತ್ರಿ ಆಗೋವರೆಗೂ ಏನೂ ಹೇಳೋ ಹಾಗಿಲ್ಲ… ನನ್ನನ್ನ ನಂಬಿ."

ಮರುದಿನವೇ ಅವರಿಗೆ ಕೆಲಸ ಕೊಟ್ಟಿದ್ದ ಗುತ್ತಿಗೆದಾರ ಮನೆಬಾಗಿಲಿಗೆ ಬಂದು ಕೂಗಾಡಿದ. "ನಿನ್ನ ಮಗಳ ಹೊಲಿಗೆ ಸರಿಯಿಲ್ಲ ಅಂತ ಆ ಪರೀಕ್ಷಕ ಬರೆದಿದಾನೆ! ನಾಳೆಯಿಂದ ನಿಮ್ಮಲ್ಲಿ ಒಬ್ಬರೂ ಬರೋದು ಬೇಡ!"

ಸುದ್ದಿ ಹಬ್ಬಿತು. ಬೇರೆ ಯಾರೂ ಅವರನ್ನು ಕೆಲಸಕ್ಕೆ ಕರೆಯಲಿಲ್ಲ. ಮೂವತ್ತು ವರ್ಷ ನೆಲ ಹಾಸಿ ಹೆಸರು ಗಳಿಸಿದ್ದ ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದವರು ಏಳಲಿಲ್ಲ.

"ಅಪ್ಪಾ, ಒಂದು ಮಾತಾಡಿ…"

ಅಪ್ಪ ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡರು.

ಪರೀಕ್ಷಕ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಮನೆಗೆ ಬಂದ. ಬಾಗಿಲು ತೆಗೆಯಲಿಲ್ಲ. ಒಳಗೆ ಬಾಯಿಗೆ ಸೆರಗು ಒತ್ತಿ ಅತ್ತಳು. 'ನನ್ನ ಕೈಕೆಲಸ ನೋಡಿ ನಕ್ಕವನೇ ನನ್ನ ಕುತ್ತಿಗೆ ಕೊಯ್ದನಲ್ಲ… ಅವನಿಗಾಗಿ ಈ ಹಾಳು ಮನಸ್ಸು ಯಾಕೆ ಇನ್ನೂ ಕಾಯುತ್ತೆ?'

ಹದಿನೆಂಟನೆಯ ದಿನ ಅಪ್ಪ ನೀರನ್ನೂ ಬೇಡವೆಂದಾಗ ಅವಳಿಗೆ ತಡೆಯಲಾಗಲಿಲ್ಲ. ನೇರ ನಗರಸಭೆಗೆ ಹೋದಳು.

"ಎಲ್ಲಿ ಅವನು? ನಮ್ಮ ಮನೆ ಹಾಳುಮಾಡಿದವನು!"

ಮೇಜಿನ ಹಿಂದಿದ್ದ ಹಿರಿಯ ಗುಮಾಸ್ತೆ ಒಂದು ಹಾಳೆ ಮುಂದೆ ಚಾಚಿದರು. "ಮೊದಲು ಅವನ ವರದಿ ಓದು. ಆಮೇಲೆ ಬೈಯುವೆಯಂತೆ."

'ಹೊಲಿಗೆಯಲ್ಲಿ ಯಾವ ದೋಷವೂ ಇಲ್ಲ. ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಕಂಡಿಲ್ಲ. ಹುಲ್ಲಿನ ಕೆಳಗೆ ಗುತ್ತಿಗೆದಾರರು ಮೊದಲೇ ಬೇರೆಯವರಿಂದ ಹಾಕಿಸಿ, ಬಟ್ಟೆ ಮುಚ್ಚಿಸಿರುವ ಮೆತ್ತನೆಯ ಪದರ ತೀರಾ ತೆಳುವಾಗಿರುವ ಸಂಶಯವಿದೆ. ಮಗು ಬಿದ್ದರೆ ತಲೆಗೆ ಪೆಟ್ಟಾಗುತ್ತದೆ.'

ಅಕ್ಷರಗಳು ಮಂಜಾದವು.

"ಇದನ್ನ ಬರೆದಿದ್ದಕ್ಕೇ ಅವನನ್ನ ಕೆಲಸದಿಂದ ದೂರ ಇಟ್ಟಿದಾರೆ ಕಣಮ್ಮ. ಇವತ್ತು ನಾಲ್ಕು ಗಂಟೆಗೆ ವಿಚಾರಣೆಯವರು ಮೈದಾನಕ್ಕೆ ಬರ್ತಾರೆ. ಬಿಚ್ಚಿ ತೋರಿಸೋಕೆ ಅಪ್ಪಣೆ ಸಿಕ್ತು, ಆಳು ಸಿಗಲಿಲ್ಲ. ಗುತ್ತಿಗೆದಾರನಿಗೆ ಹೆದರಿ ಯಾರೂ ಬರಲಿಲ್ಲ. ಒಬ್ಬನೇ ಒದ್ದಾಡ್ತಿದಾನೆ."

ಅವಳು ಓಡಿದಳು.

ಜಾರುಬಂಡಿಯ ಹತ್ತಿರ ಅವನು ಬಗ್ಗಿ ಕೂತಿದ್ದ. ಗಡ್ಡ ಬೆಳೆದಿತ್ತು. ಬೆರಳ ತುದಿಗಳಲ್ಲಿ ರಕ್ತ. ಬೆಳಿಗ್ಗೆಯಿಂದ ಬಿಚ್ಚಿದ್ದು ಒಂದು ಮೊಳವೂ ಇರಲಿಲ್ಲ.

"ಕತ್ತರಿಸಿ ಬಿಸಾಕಬಹುದಿತ್ತಲ್ಲ!" ಅವಳ ದನಿ ಒಡೆಯಿತು.

ಅವನು ಬೆಚ್ಚಿ ನೋಡಿದ. "ಕತ್ತರಿಸಿದ್ರೆ ನಿಮ್ಮ ಕೆಲಸ ಹಾಳಾಗುತ್ತೆ. ಬಿಚ್ಚಿದ್ರೆ ಇದನ್ನೇ ಮತ್ತೆ ಹಾಸಬಹುದು."

ಅವಳು ಅವನ ಪಕ್ಕ ಕುಸಿದು ಕೂತಳು. "ನನ್ನನ್ನ ಕ್ಷಮಿಸಿ… ಒಂದು ಮಾತೂ ಕೇಳದೆ…"

"ತಪ್ಪು ನಂದೂ ಇದೆ, ಇದಕ್ಕಿಂತ ದೊಡ್ಡದು. ಎರಡು ವರ್ಷದ ಹಿಂದೆ ಮೇಲಿನವರ ಮಾತಿಗೆ ಹೆದರಿ ಇಂಥದೇ ಒಂದು ಮೈದಾನಕ್ಕೆ ಸಹಿ ಹಾಕಿದ್ದೆ. ಒಂದು ಹೆಣ್ಣುಮಗು ಬಿತ್ತು. ಅವತ್ತಿಂದ ಆ ಮಗು ಮಾತೇ ಆಡಿಲ್ಲ. ಆಸ್ಪತ್ರೆಯಲ್ಲಿ ಅವಳ ಅಮ್ಮ ನನ್ನನ್ನ ಬೈಯಲೂ ಇಲ್ಲ. ಸುಮ್ನೆ ನೋಡಿದ್ರು… ಇನ್ನೊಂದು ಸಲ ನನ್ನ ಕೈಲಿ ಆಗಲ್ಲ."

ಅವಳು ಕಣ್ಣೊರೆಸಿಕೊಂಡಳು. ಅವನ ಕೈಯಿಂದ ಕೊಕ್ಕೆಸೂಜಿ ತೆಗೆದುಕೊಂಡಳು.

"ಎಷ್ಟು ಹೊತ್ತಿದೆ?"

"ಒಂದೂವರೆ ಗಂಟೆ."

"ತುದಿ ಹಿಡ್ಕೊಳ್ಳಿ. ಎಳೀಬೇಡಿ."

ಗಂಟು ಎಲ್ಲಿದೆಯೆಂದು ಹಾಕಿದವಳಿಗೆ ಮಾತ್ರ ಗೊತ್ತಿತ್ತು. ಸರಸರನೆ ಬಿಚ್ಚಿದಳು. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಹುಲ್ಲು ಬಾಳೆಲೆಯಂತೆ ಮಡಚಿಕೊಂಡಿತು. ಕೆಳಗಿನ ಬಟ್ಟೆಯನ್ನು ಅವನು ಸರಿಸಿದ. ಅಂಗೈ ದಪ್ಪ ಇರಬೇಕಾದ ಪದರ ರೊಟ್ಟಿಯಷ್ಟೂ ಇರಲಿಲ್ಲ.

ವಿಚಾರಣೆಗೆ ಬಂದ ಮೂವರೂ ಬಗ್ಗಿ ನೋಡಿದರು. ಒಬ್ಬರು ಅಳತೆಪಟ್ಟಿ ಇಟ್ಟು ಬರೆದುಕೊಂಡರು.

ವಾರದೊಳಗೆ ಗುತ್ತಿಗೆದಾರನನ್ನು ತೆಗೆದರು. ಪರೀಕ್ಷಕನಿಗೆ ಕೆಲಸ ಮರಳಿತು. ನಗರಸಭೆಯವರೇ ಬಂದು ಅಪ್ಪನನ್ನು ಕರೆದರು. ಅಪ್ಪ ಎದ್ದು ಗಡ್ಡ ಬೋಳಿಸಿಕೊಂಡರು. ದಪ್ಪ ಪದರದ ಮೇಲೆ ಅದೇ ಹುಲ್ಲು ಮತ್ತೆ ಹರಡಿತು.

ಅವತ್ತು ಸಂಜೆ, ಎಲ್ಲರೂ ಹೋದ ಮೇಲೆ, ಅವನು ತಡವರಿಸಿದ. "ನಿಮ್ಮಪ್ಪನ ಹತ್ರ… ಒಂದು ವಿಷಯ ಮಾತಾಡಬೇಕಿತ್ತು."

"ನಾನು ಬೆಳಿಗ್ಗೇನೇ ಮಾತಾಡಿಬಿಟ್ಟೆ."

"ಹಾಂ?! ಏನಂದ್ರು?"

"ಮೊದಲು ಟವೆಲ್ ಕೊಡವಿ ಹೆಗಲಿಗೆ ಹಾಕ್ಕೊಂಡ್ರು. ಆಮೇಲೆ, 'ಅಳಿಯ ಊಟಕ್ಕೆ ಬಂದ್ರೆ ಏನು ಮಾಡಿಸೋದು? ಏನಿಷ್ಟ ಅಂತ ಕೇಳ್ಕೊಂಡು ಬಾ' ಅಂದ್ರು." ಅವಳು ತಲೆತಗ್ಗಿಸಿದಳು. "ಹೇಳಿ, ಏನಿಷ್ಟ?"

"ನಿಮಗೆ ಗೊತ್ತಿಲ್ವಾ?"

"ಗೊತ್ತು. ಬಾಯಿಬಿಟ್ಟು ಹೇಳಿ."

"ನೀನು," ಅಂದ.

ಅವಳ ಕಣ್ಣು ತುಂಬಿತು. "ಅದನ್ನ ಅಡುಗೆ ಮಾಡೋಕಾಗಲ್ಲ ಕಣೋ…"