ಗುಡ್ಡವೇ ಅಂಪೈರ್

"ಔಟ್! ಕ್ಯಾಚ್ ಔಟ್!" ಬಾಲ್ ಹಾಕಿದ ಪ್ರಭು ಕುಣಿದಾಡಿದ.

"ಬ್ಯಾಟಿಗೆ ತಾಗೇ ಇಲ್ಲ!" ಬಿಲಾಲ ಅವನಿಗಿಂತ ಜೋರಾಗಿ ಕೂಗಿದ.

ಬ್ಯಾಟು ಹಿಡಿದವಳು ಬಿಲಾಲನ ಅಕ್ಕ ಆಫ್ರೀನ. ಗೆಲ್ಲಲು ಇನ್ನೆರಡೇ ರನ್ ಬೇಕು. ಅವಳದೇ ಕೊನೆಯ ವಿಕೆಟ್. ಬಾಲು ಬ್ಯಾಟಿನ ಅಂಚಿಗೆ ಸಣ್ಣಗೆ ಟಿಕ್ ಎಂದು ತಾಗಿದ್ದು ಅವಳ ಕೈಗೆ ಗೊತ್ತು. ಆದರೂ ಬಾಯಿ ಬಿಡಲಿಲ್ಲ.

"ಜಗಳ ಬ್ಯಾಡ. ಗುಡ್ಡನ್ನ ಕೇಳ್ತೇನಿ," ಎಂದ ಪ್ರಭು.

ಬಾದಾಮಿಯ ಆ ಮೈದಾನದಲ್ಲಿ ಎದುರಿನ ಕೆಂಪು ಗುಡ್ಡವೇ ಅಂಪೈರ್. ಅದನ್ನು ಕೇಳುವ ಹಕ್ಕು ಮಾತ್ರ ಏಳನೇ ಇಯತ್ತೆಯ ಪ್ರಭುವಿಗೆ. ಬೇರೆಯವರು ಕೇಳಿದರೆ ಹೊಟ್ಟೆನೋವು ಬರುತ್ತದಂತೆ! ಹಾಗೆಂದು ಹೇಳಿದವನೂ ಪ್ರಭುವೇ ಅನ್ನಿ.

ಅವನು ಬಾಯಿಯ ಎರಡೂ ಬದಿಗೆ ಕೈ ಹಿಡಿದು, "ಔಟ್!" ಎಂದು ಕೂಗಿದ.

"ಔಟ್... ಔಟ್..." ಎಂದಿತು ಗುಡ್ಡ.

ಆಫ್ರೀನಳಿಗೆ ಮೈಯೆಲ್ಲ ಉರಿಯಿತು. ಮೊದಲು ಪ್ರಭು ಬ್ಯಾಟ್ ಮಾಡುವಾಗ ಅವನ ಸ್ಟಂಪೇ ಹಾರಿಹೋಗಿತ್ತು. ಅವನು "ನಾಟೌಟ್" ಎಂದು ಕೂಗಿದ್ದ, ಗುಡ್ಡವೂ ನಾಟೌಟ್ ಎಂದಿತ್ತು. ಅರೆ, ಅವನು ಕೂಗಿದ್ದನ್ನೇ ಅಲ್ಲವೇ ಇದು ಹೇಳುವುದು?

"ನಾನೂ ಕೇಳ್ತೇನಿ," ಎಂದಳು.

"ಬ್ಯಾಡ ಆಪಾ, ಹೊಟ್ಟಿ ನೋಯ್ತೈತಿ!" ಬಿಲಾಲ ಅವಳ ಕೈ ಜಗ್ಗಿದ.

ಆಫ್ರೀನ ಕೈ ಬಿಡಿಸಿಕೊಂಡಳು. ಕಣ್ಣು ಮುಚ್ಚಿ ಕಿರುಚಿದಳು, "ನಾಟೌಟ್!"

"ನಾಟೌಟ್... ಟೌಟ್..."

ಹೊಟ್ಟೆ ನೋಯಲಿಲ್ಲ! ಬಿಲಾಲ "ಸಿಕ್ಸರ್!" ಎಂದ. ಗುಡ್ಡ ಸಿಕ್ಸರ್ ಕೊಟ್ಟಿತು. ಅವರ ತಂಡದ ಪ್ರೀತಿ "ನಾಳಿ ಸಾಲಿ ಸೂಟಿ!" ಎಂದಳು. ಗುಡ್ಡ ರಜೆಯನ್ನೂ ಕೊಟ್ಟುಬಿಟ್ಟಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಇನ್ನ ಪ್ರಭುನ ಆಟ ನಡಿಯೂದಿಲ್ಲ!" ಎಂದು ಪ್ರೀತಿ ಚಪ್ಪಾಳೆ ಹೊಡೆದಳು.

ಪ್ರಭುವಿನ ಮುಖ ಸಪ್ಪಗಾಯಿತು. "ಹಂಗಾರ ಯಾರನ್ನ ಕೇಳೂದು? ನೀನ ಹೇಳು ಆಫ್ರೀನ, ತಾಗಿತ್ತೋ ಇಲ್ಲೋ?"

ನಗು ನಿಂತಿತು. ಎಲ್ಲರೂ ಅವಳನ್ನೇ ನೋಡಿದರು. ಅವಳು ಏನೆಂದರೂ ನಂಬುವ ಹಾಗಿದ್ದರು.

"ನಾಟೌಟ್ ಅನ್ನು ಆಪಾ," ಬಿಲಾಲ ಪಿಸುಗುಟ್ಟಿದ. "ಯಾರಿಗೂ ಗೊತ್ತಾಗೂದಿಲ್ಲ."

ಆಫ್ರೀನಳಿಗೂ ಗೆಲ್ಲುವ ಆಸೆ ಇತ್ತು. ಆದರೆ ಈ ಸಲ ಹೇಳಬೇಕಾದವಳು ತಾನೇ, ಬೇರೆ ಯಾರೂ ಇಲ್ಲ. ಬ್ಯಾಟನ್ನು ನೆಲದ ಮೇಲಿಟ್ಟಳು.

"ಔಟ್," ಎಂದಳು.

ದನಿ ಎಷ್ಟು ಸಣ್ಣಗಿತ್ತೆಂದರೆ ಗುಡ್ಡಕ್ಕೆ ಕೇಳಿಸಲೇ ಇಲ್ಲ. ಮೈದಾನದಲ್ಲಿದ್ದವರಿಗೆಲ್ಲ ಕೇಳಿಸಿತು.