ಇನ್ನೊಂದು ಮನೆಯಲ್ಲಿ ಒಂದು ಪ್ರತಿ

ಡುಲೂತ್ ಊರಿನಲ್ಲಿ ನನ್ನಷ್ಟು ಚೆನ್ನಾಗಿ ಮನೆಗೆ ಸರ್ವರ್ ಕೂರಿಸುವವನು ಇನ್ನೊಬ್ಬನಿಲ್ಲ. ಊರಂಚಿನ ಸರೋವರದ ಆಚೆ ದಡದಲ್ಲೂ ಇಲ್ಲ. ಇದ್ದರೆ ಅವನು ನನ್ನ ಶಿಷ್ಯನೇ. ಹೊಟ್ಟೆಪಾಡಿಗೆ ಫ್ರಿಜ್ ರಿಪೇರಿ ಮಾಡುತ್ತೇನೆ, ಅದು ಬೇರೆ ಮಾತು. ಇಂಥ ನನ್ನನ್ನು, ಆರಿನ್ ಲಿಂಡಾಲ್‌ನನ್ನು, ಐಲಾ ಕೊಸ್ಕೆಲಾ ಎಂಬಾಕೆ ನಾಲ್ಕು ಶನಿವಾರ ಕುಣಿಸಿದಳು.

ಮೊದಲ ಶನಿವಾರ ಅವಳ ಫ್ರಿಜ್ ನೋಡಲು ಹೋದೆ. ನನ್ನನ್ನು ಕಂಡದ್ದೇ ಅದು ಹೆದರಿ ಸರಿಹೋಯಿತು. ಐಲಾ ಮಾತ್ರ ಬಾಗಿಲಿಗೆ ಒರಗಿ, ಫೋನ್ ನೋಡುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅವಳ ಅಪ್ಪ ಅದಿರು ಸಾಗಿಸುವ ಹಡಗಿನಲ್ಲಿ ಅಡುಗೆಯವರಾಗಿದ್ದರಂತೆ. ಒಂದೊಂದು ಬಂದರಿನಿಂದಲೂ ಮಗಳಿಗೆ ಧ್ವನಿ ಸಂದೇಶ ಕಳಿಸುತ್ತಿದ್ದರು. ಅವರು ತೀರಿಹೋಗಿ ಎರಡು ವರ್ಷ. ಆ ಸಂದೇಶಗಳನ್ನು ಇಟ್ಟುಕೊಂಡಿದ್ದ ಕಂಪನಿ ಇನ್ನು ಹದಿನೈದು ದಿನದಲ್ಲಿ ಬಾಗಿಲು ಹಾಕುತ್ತಿತ್ತು.

“ಅಷ್ಟೇನಾ?” ಎಂದೆ. “ಸರ್ವರ್ ಅಂತ, ಇಸ್ಪೀಟೆಲೆಯಷ್ಟು ಅಗಲದ ಕಂಪ್ಯೂಟರ್ ಒಂದು ತರ್ತೀನಿ. ನಿಮ್ಮ ಹಾಲ್‌ನಲ್ಲೇ ಕೂತಿರುತ್ತೆ. ಬ್ಯಾಂಕಿನ ತಿಜೋರಿ ಅದರ ಮುಂದೆ ಬೆಂಕಿಪೊಟ್ಟಣ.”

“ನೀವು ಯಾವಾಗ್ಲೂ ಹೀಗೇ ಕೊಚ್ಕೊಳ್ತೀರಾ?”

“ಇವತ್ತು ಸ್ವಲ್ಪ ಗಂಟಲು ಕಟ್ಟಿದೆ.”

ಒದ್ದೆ ರೆಪ್ಪೆಗಳ ಕೆಳಗಿನಿಂದ ಒಂದು ನಗು ಇಣುಕಿತು. ಸರೋವರದ ಹಿಮ ಒಡೆದದ್ದು ಆ ಗಳಿಗೆಯಲ್ಲೇ. ಏಪ್ರಿಲ್ ಬಂದಿತ್ತಲ್ಲ ಎನ್ನುವ ಅರಸಿಕರೂ ಊರಿನಲ್ಲಿದ್ದಾರೆ.

ಅಂದು ಮಧ್ಯಾಹ್ನವೇ ಸರ್ವರ್ ಕೂರಿಸಿ, ಸಂದೇಶಗಳನ್ನೆಲ್ಲ ಅದಕ್ಕೆ ಇಳಿಸಿದೆ. ಈ ಕೆಲಸದವರಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ: ಒಂದು ಪ್ರತಿ ಸದಾ ಇನ್ನೊಂದು ಮನೆಯಲ್ಲಿರಬೇಕು.

“ಒಪ್ಪಿದ್ರೆ ನಮ್ಮನೇಲಿ ಒಂದು ಪ್ರತಿ ಇಡ್ತೀನಿ. ನಿಮ್ಮನೆ ಮೇಲೆ ಸಿಡಿಲು ಬೀಳ್ಲಿ, ತಿಮಿಂಗಿಲ ಬೀಳ್ಲಿ, ನಿಮ್ಮಪ್ಪ ಕ್ಷೇಮ.”

“ಇಡಿ ಇಡಿ. ಚಂದ್ರನ ಮೇಲೂ ಒಂದು ಇಡಿ,” ಎನ್ನುತ್ತಾ ಕಾಫಿ ಬಗ್ಗಿಸಿದಳು.

ಎರಡನೇ ಶನಿವಾರ ಬೆಳಿಗ್ಗೆಯೇ ಫೋನ್. “ರೀ ಆರಿನ್, ನಿಮ್ಮ ತಿಜೋರಿ ನಿದ್ದೆ ಹೋಗಿದೆ.”

ಹೋದೆ. ತಂತಿ ಅಲುಗಾಡಿಸಿದೆ, ಸಾವಿರ ಪರೀಕ್ಷೆ ಮಾಡಿದೆ, ಅದರ ದೀಪ ತಾನಾಗಿಯೇ ಹೊತ್ತಿಕೊಂಡಿತು. ಅವಳು ಏಲಕ್ಕಿ ಬ್ರೆಡ್ ಕೊಯ್ದು ಕೊಟ್ಟಳು. ತಟ್ಟೆ ಇಡುವಾಗ ನನ್ನನ್ನು ನೋಡಿದಳು, ನಾನು ನೋಡಿದಾಗ ಬ್ರೆಡ್ ನೋಡಿದಳು.

ಮೂರನೇ ಶನಿವಾರವೂ ಅದೇ ಫೋನ್. ಅವಳು ಒಳಗೆ ಬ್ರೆಡ್ ಕೊಯ್ಯುತ್ತಿದ್ದಾಗ, ದೀಪ ಹಾಕೋಣವೆಂದು ಬಾಗಿಲ ಪಕ್ಕದ ಸ್ವಿಚ್ ಒತ್ತಿದೆ. ಸರ್ವರ್ ಎಚ್ಚೆತ್ತಿತು. ನಮ್ಮೂರಿನ ಹಳೆಯ ಮನೆಗಳಲ್ಲಿ ಹಾಲ್‌ನ ಒಂದು ಪ್ಲಗ್ ಪಾಯಿಂಟ್ ಬಾಗಿಲ ಸ್ವಿಚ್ಚಿನ ಮಾತು ಕೇಳುತ್ತದೆ. ಮೇಜಿನ ದೀಪಕ್ಕೆಂದು ಮಾಡಿದ್ದು. ಸರ್ವರನ್ನು ಹೋಗಿ ಹೋಗಿ ಅದಕ್ಕೇ ಚುಚ್ಚಿದ್ದೆ. ದಡ್ಡತನದಲ್ಲೂ ನನ್ನನ್ನು ಮೀರಿಸುವವರಿಲ್ಲ.

ಪ್ಲಗ್ ಕಿತ್ತು ಪಕ್ಕದ ಪಾಯಿಂಟಿಗೆ ಹಾಕಿದರೆ ಮುಗಿಯಿತು. ಒಳಗಿನಿಂದ ಏಲಕ್ಕಿಯ ಪರಿಮಳ ಬಂತು. ನಾನು ಹಾಕಲಿಲ್ಲ.

ಮರುದಿನ ಕಂಪನಿ ಬಾಗಿಲು ಹಾಕಿತು.

ನಾಲ್ಕನೇ ಶನಿವಾರದ ಫೋನಿನಲ್ಲಿ ನಗುವಿರಲಿಲ್ಲ. ಹೋಗಿ ನೋಡಿದರೆ ಸರ್ವರಿನ ಮೆಮೊರಿ ಕಾರ್ಡ್ ಕೆಟ್ಟಿತ್ತು. ಕೆಲಸದ ನಡುವೆ ಕರೆಂಟ್ ಹೋಗಿ ಹೋಗಿ, ಒಳಗಿದ್ದುದೆಲ್ಲ ಅಳಿಸಿತ್ತು.

“ತಪ್ಪು ನಂದು,” ಎಂದಳು ಐಲಾ, ನೆಲ ನೋಡುತ್ತಾ. “ಶುಕ್ರವಾರ ಶುಕ್ರವಾರ ಆ ಬಾಗಿಲ ಸ್ವಿಚ್ ಆರಿಸ್ತಿದ್ದೋಳು ನಾನೇ. ನೀವು ಬರ್ಲಿ ಅಂತ. ಎರಡನೇ ಸಲ ಬಂದಾಗ ಮೆಲ್ಲಗೆ ಹಾಕಿದ್ದೂ ನಾನೇ. ಹೀಗಾಗುತ್ತೆ ಅಂತ ಗೊತ್ತಿರ್ಲಿಲ್ಲ.”

ಕೊನೆಗೂ ಪ್ಲಗ್ ಕಿತ್ತು ಪಕ್ಕದ ಪಾಯಿಂಟಿಗೆ ಹಾಕಿದೆ.

“ಸ್ವಿಚ್ಚಿನ ವಿಷಯ ಹೋದ ವಾರವೇ ಗೊತ್ತಾಯ್ತು,” ಎಂದೆ. “ಪ್ಲಗ್ ಬದಲಾಯಿಸ್ಲಿಲ್ಲ. ನೀವು ಮತ್ತೆ ಕರೀಲಿ ಅಂತ.”

“ಹಾಗಾದ್ರೆ ಇಬ್ರೂ ಸೇರಿ ಅಪ್ಪನ್ನ ಕಳ್ಕೊಂಡ್ವಿ.”

“ಇಲ್ಲ. ನಮ್ಮನೇಲಿದ್ದಾರೆ.”

“ಬೇಡ, ಆರಿನ್. ಈಗ ಕೊಚ್ಕೋಬೇಡ.”

“ಮೊದಲ ದಿನ ಕೇಳಿದ್ನಲ್ಲ. ಇಡಿ ಅಂದ್ರಿ. ಇಟ್ಟೆ.”

ಅವಳು ಕೋಟು ಹಾಕಿಕೊಳ್ಳಲಿಲ್ಲ. ಹಾಗೇ ನನ್ನ ಜೊತೆ ಮೂರು ಬೀದಿ ದಾಟಿ ಬಂದಳು. ನನ್ನ ಅಡುಗೆಮನೆಯ ಕಪಾಟಿನಲ್ಲಿ, ಓಟ್ಸ್ ಡಬ್ಬಿಯ ಹಿಂದೆ, ಇನ್ನೊಂದು ಸರ್ವರಿನ ಪುಟ್ಟ ಹಸಿರು ದೀಪ ಮಿನುಗುತ್ತಿತ್ತು. ಫೋನ್ ತೆಗೆದು ಒಂದು ಸಂದೇಶ ಒತ್ತಿದೆ.

“ಪುಟ್ಟೀ, ಇಲ್ಲಿ ಗಾಳಿ ಜೋರು,” ಎಂದಿತು ಒರಟು ಗಂಟಲೊಂದು. “ಎಲ್ರೂ ಎರಡೆರಡು ಸಲ ಸೂಪ್ ಹಾಕಿಸ್ಕೊಂಡ್ರು. ನಿನ್ನ ಊಟ ಆಯ್ತಾ?”

“ಆಯ್ತಪ್ಪ,” ಎಂದಳು ಐಲಾ.

ಹಾಗೇ ನೆಲದ ಮೇಲೆ ಕೂತಳು. ಇಷ್ಟು ಹೊತ್ತು ಹಿಡಿದಿದ್ದ ಉಸಿರನ್ನೆಲ್ಲ ಬಿಟ್ಟಳು. ನಾನೂ ಬಿಟ್ಟೆ, ಕಿಟಕಿಯ ಪರದೆ ಹಾರಿತು.

ಎಷ್ಟೋ ಸಂದೇಶಗಳಾದ ಮೇಲೆ ಮೂಗು ಒರೆಸಿಕೊಂಡು ಕೇಳಿದಳು. “ನೀನು ಹೇಳಿದ್ರಲ್ಲಿ ಇದೊಂದೇನಾ ನಿಜ?”

“ಇನ್ನೊಂದಿದೆ. ನೀನಂದ್ರೆ ನಂಗಿಷ್ಟ.”

“ಎಷ್ಟು?”

ಸರೋವರದಷ್ಟು ಎನ್ನಬಹುದಿತ್ತು, ಅದರ ಏಳು ಪಟ್ಟು ಎನ್ನಬಹುದಿತ್ತು. ನಾಲಿಗೆ ತುದಿಗೂ ಬಂದಿತ್ತು.

“ಇರೋವಷ್ಟು,” ಎಂದೆ.

ಅವಳು ನನ್ನ ತೋಳಿಗೆ ತಲೆ ಒರಗಿಸಿದಳು. “ಒಂದು ತೊಂದರೆ ಇದೆ. ಮುಂದೆ ನಾವಿಬ್ರೂ ಒಂದೇ ಮನೇಲಿದ್ರೆ, ಆ ಇನ್ನೊಂದು ಪ್ರತಿ ಎಲ್ಲಿಡ್ತೀಯ?”

ಈಗ ಅದು ಅವಳ ಸೋದರತ್ತೆಯ ಮನೆಯಲ್ಲಿದೆ. ಅಲ್ಲಿನ ಪ್ಲಗ್ ಪಾಯಿಂಟ್ ಯಾವ ಸ್ವಿಚ್ಚಿನ ಮಾತನ್ನೂ ಕೇಳುವುದಿಲ್ಲವೆಂದು ನೂರು ಸಲ ಪರೀಕ್ಷಿಸಿದ್ದೇನೆ. ನಾನು ಬರೆದದ್ದನ್ನು ಐಲಾ ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ. ಸರಿ, ಎರಡು ಸಲ.