ಇಪ್ಪತ್ತೆರಡು ಹಾಳೆ

ಅಂತ್ಯಕ್ರಿಯೆ ಶನಿವಾರ ಮುಗಿದಿತ್ತು. ಸೋಮವಾರ ಎಂದಿನಂತೆ ನಲ್ಲಿಯಲ್ಲಿ ನೀರು ಬಂತು, ಕೆಳಗೆ ಕಸದ ಗಾಡಿ ಬಂತು. ಅತ್ತೆ ಒದ್ದೆ ಬಟ್ಟೆ ಹಿಡಿದು ಫ್ರಿಜ್ಜಿನ ಬಾಗಿಲು ಒರೆಸುತ್ತಿದ್ದರು. ಬಾಗಿಲ ಮೇಲೆ ಅಂಟಿಸಿದ್ದ ಹಾಳೆಯ ಹತ್ತಿರ ಬಂದಾಗ ಮಾತ್ರ ಕೈ ನಿಧಾನವಾಗುತ್ತಿತ್ತು.

“ಇದಕ್ಕೆ ನೀರು ತಾಗಿಸಬೇಡ,” ಎಂದರು, ಸೊಸೆಯ ಕಡೆ ತಿರುಗದೆ. “ನನ್ನ ಮಗನ ಬರಹ ಅಂತ ಉಳಿದಿರೋದು ಇದೊಂದೇ. ಅವನನ್ನಂತೂ ಉಳಿಸ್ಕೊಳ್ಳೋಕೆ ನಿನ್ನ ಕೈಲಿ ಆಗಲಿಲ್ಲ.”

ಬಂದವರ ಮುಂದೆಯೂ ಅತ್ತೆ ಇದನ್ನೇ ಹೇಳಿದ್ದರು. ಅಷ್ಟು ಓದಿದ ಸೊಸೆ, ಗಂಡನಿಗೆ ಹಾಗಾಗುವಾಗ ಬಾಗಿಲು ಹಾಕಿಕೊಂಡು ಮಲಗಿದ್ದಳು ಎಂದು. ಬಾಗಿಲು ಹಾಕಿಕೊಂಡಿದ್ದು ನಿಜ. ಸೋಂಕು ಮೊದಲು ತಗುಲಿದ್ದು ಅವಳಿಗೇ.

ಅವಳ ಗಂಡ ಡಾಕ್ಟರಲ್ಲ. ಶ್ವಾಸಕೋಶ ತಜ್ಞರ ಸಂಘದ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದ. ಅಲ್ಲಿ ವೈದ್ಯರಿಗೊಂದು ಪುಟ, ಜನರಿಗೊಂದು ಪುಟ. ವೈದ್ಯರು ತಮ್ಮ ಪುಟದಲ್ಲಿ ಬರೆದದ್ದನ್ನು ಅವನು ಸರಳ ಮಾತಿಗೆ ಇಳಿಸಿ ಜನರ ಪುಟಕ್ಕೆ ಹಾಕಬೇಕು. ಪ್ರತಿ ವಾಕ್ಯವನ್ನೂ ಮೊದಲು ತಾಯಿಗೆ ಓದಿ ಹೇಳುತ್ತಿದ್ದ. “ಉಸಿರಾಟದ ತೊಂದರೆ ಅಂದ್ರೆ ನೆಗಡಿ ಆದಾಗ ಮೂಗು ಕಟ್ಟತ್ತಲ್ಲ, ಅದಾ?” ಎಂದು ತಾಯಿ ಕೇಳಿದ ಮೇಲೆ ಅವನು ಆ ಪದ ಹೊಡೆದುಹಾಕಿ ‘ಏದುಸಿರು’ ಎಂದು ಬರೆದ. ಸೋಂಕು ತಗುಲಿ ಏದುಸಿರು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ, ಬಾರದಿದ್ದರೆ ಮನೆಯಲ್ಲೇ ವಿಶ್ರಾಂತಿ ಪಡೆಯಿರಿ. ಆ ಪುಟದ ಪ್ರತಿಗಳನ್ನು ಅತ್ತೆ ಹೆಮ್ಮೆಯಿಂದ ಇಡೀ ಕಟ್ಟಡಕ್ಕೆ ಹಂಚಿದ್ದರು. ಅಂದಿನಿಂದ ಅಕ್ಕಪಕ್ಕದವರಿಗೆ ಅವನು ‘ಪುಟದ ಡಾಕ್ಟ್ರು’.

ಅವನಿಗೆ ಜ್ವರ ಬಂದಾಗ ಆರೈಕೆಗೆ ನಿಂತವರು ಅತ್ತೆಯೇ. ಗಂಟೆಗೊಮ್ಮೆ, “ಏದುಸಿರು ಇದೆಯೇನೋ?” ಎನ್ನುತ್ತಿದ್ದರು. “ಇಲ್ಲಮ್ಮ, ನೀನು ಕೇಳಿ ಕೇಳೀನೇ ನನಗೆ ಉಸಿರು ಕಟ್ತಿದೆ,” ಎಂದು ಅವನು ನಗುತ್ತಿದ್ದ. ಐದನೆಯ ದಿನ ತುಟಿ ನೀಲಿಯಾಯಿತು. ಆಗಲೂ ಏದುಸಿರಿರಲಿಲ್ಲ. ಆಸ್ಪತ್ರೆಯಲ್ಲಿ ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಸಿಕ್ಕಿಸಿದ ಯಂತ್ರ ಅರವತ್ತೆರಡು ತೋರಿಸಿತು.

ಆ ಸೋಮವಾರ ಹತ್ತು ಗಂಟೆಗೆ ಅವನ ಫೋನು ಬಡಿದುಕೊಂಡಿತು. ಸಂಘದ ಕಾರ್ಯದರ್ಶಿ ಡಾಕ್ಟರು.

“ಇಂಥ ಹೊತ್ತಲ್ಲಿ ಕೇಳಬಾರದು ತಾಯಿ... ಆದರೆ ಜನರ ಪುಟದ ಪಾಸ್‌ವರ್ಡು ಅವರೊಬ್ಬರ ಹತ್ತಿರ ಇತ್ತು. ಒಂದು ಬದಲಾವಣೆ ಬಾಕಿ ಇದೆ.”

ಅವಳು ಹಾಸಿಗೆಯ ಪಕ್ಕದಲ್ಲಿದ್ದ ಅವನ ಕಂಪ್ಯೂಟರ್ ತೆರೆದಳು. ಆ ಮೇಲ್ ಅಲ್ಲೇ ಇತ್ತು, ಓದದ ಮೇಲ್‌ಗಳ ದಪ್ಪ ಅಕ್ಷರದಲ್ಲಿ. ತಾರೀಖು ಅವನಿಗೆ ಜ್ವರ ಬಂದ ಮರುದಿನದ್ದು. ಏದುಸಿರಿಗೆ ಕಾಯಬಾರದು, ಕೆಲವರಲ್ಲಿ ಅದು ಬರುವುದೇ ಇಲ್ಲ, ಬೆರಳಿನ ಯಂತ್ರ ತೊಂಬತ್ತನಾಲ್ಕಕ್ಕಿಂತ ಕಡಿಮೆ ತೋರಿಸಿದರೆ ಕೂಡಲೇ ಹೊರಡಬೇಕು. ವೈದ್ಯರ ಪುಟ ಅಂದೇ ಬದಲಾಗಿತ್ತು.

ಅತ್ತೆಯ ಮಾತಿಗೆ ಈಗ ಅವಳ ಬಳಿ ಉತ್ತರವಿತ್ತು. ಅದನ್ನು ಆಡಿದರೆ ಅತ್ತೆಗೆ ಏನಾಗುತ್ತದೆ ಎಂಬುದೂ ಗೊತ್ತಿತ್ತು.

“ಸದ್ದಿಲ್ಲದೆ ತಿದ್ದಿಬಿಡಿ,” ಎಂದರು ಡಾಕ್ಟರು. “ಮೊದಲಿನದು ಸರಿಯಿಲ್ಲ ಅಂತೆಲ್ಲ ಬರೆಯೋದು ಬೇಡ. ಸಂಘಕ್ಕೂ ಮುಜುಗರ, ನಿಮ್ಮ ಯಜಮಾನರ ಹೆಸರಿಗೂ...”

“ಕಂಪ್ಯೂಟರಿನಲ್ಲಿ ತಿದ್ದಿದರೆ ಗೋಡೆ ಮೇಲಿನ ಹಾಳೆ ಬದಲಾಗಲ್ಲ ಸರ್. ಬರೀಲೇಬೇಕು.”

ಅತ್ತೆ ಬಾಗಿಲಲ್ಲಿ ನಿಂತಿದ್ದರು.

“ಏನು ಬರೀಬೇಕು? ನನ್ನ ಮಗ ತಪ್ಪು ಮಾಡಿದ ಅಂತಲಾ? ಅವನು ಹೋಗಿ ಮೂರು ದಿನ ಆಗಿಲ್ಲ... ಆಗಲೇ ಊರಿಗೆಲ್ಲ ಸಾರೋಕೆ ಕೂತ್ಯಾ ಮಹಾತಾಯಿ?”

“ಅವರು ಬರೆದಾಗ ಸರಿಯಿತ್ತು ಅತ್ತೆ. ಆಮೇಲೆ ಬದಲಾಯ್ತು. ಅಷ್ಟೊತ್ತಿಗೆ ಅವರು ಮಲಗಿದ್ರು.” ಅವಳು ಮೇಲ್ ಓದಿ ಹೇಳಿದಳು. ಮಗ ಓದುತ್ತಿದ್ದ ಹಾಗೆಯೇ, ನಿಧಾನವಾಗಿ.

ಅತ್ತೆ ಕುರ್ಚಿಯ ಬೆನ್ನು ಹಿಡಿದುಕೊಂಡರು. “ಹಾಗಾದ್ರೆ ನಾನು ದಿನವೆಲ್ಲ ಕೇಳ್ತಿದ್ನಲ್ಲ... ಏದುಸಿರು ಇದೆಯಾ, ಏದುಸಿರು ಇದೆಯಾ ಅಂತ... ಅವನು ಇಲ್ಲ ಅಂದಾಗೆಲ್ಲ ನೆಮ್ಮದಿಯಾಗಿ ಅಡುಗೆಮನೆಗೆ ಹೋಗ್ತಿದ್ನಲ್ಲ...”

ಸೊಸೆ ಎದ್ದು ಅವರ ಪಕ್ಕ ನಿಂತಳು. ಅಳು ಅವಳಿಗೆ ಇನ್ನೂ ಬಂದಿರಲಿಲ್ಲ, ಈಗಲೂ ಬರಲಿಲ್ಲ.

“ಬಾಗಿಲ ಆಚೆಯಿಂದ ನಾನೂ ಅದನ್ನೇ ಕೇಳ್ತಿದ್ದೆ ಅತ್ತೆ. ನಾನೂ ಅದೇ ಹಾಳೆ ಓದಿದ್ದು.”

ಅತ್ತೆ ಅದೇ ಕುರ್ಚಿಯಲ್ಲಿ ಕೂತರು. “ಏನು ಬರೀತೀಯ, ಓದು,” ಎಂದರು.

“ಏದುಸಿರು ಬಂದರೆ ಮಾತ್ರ ಆಸ್ಪತ್ರೆಗೆ ಹೋಗಿ ಎಂದು ಈ ಪುಟದಲ್ಲಿ ಮೊದಲು ಇತ್ತು. ಅಷ್ಟು ಸಾಲದು...”

“ಸಾಲದು ಬೇಡ. ಸಾಲದು ಅಂದ್ರೆ ನನ್ನಂಥೋರು ಇರೋದರಲ್ಲೇ ಸುಧಾರಿಸ್ತೀವಿ.” ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. “ತಪ್ಪು ಅಂತ ಹಾಕು.”

ಫೋನಿನಲ್ಲಿ ಡಾಕ್ಟರು ಮತ್ತೆ ಹಿಂದೆಮುಂದೆ ನೋಡಿದಾಗ ಅತ್ತೆಯೇ ಕೈಚಾಚಿ ಫೋನು ತೆಗೆದುಕೊಂಡರು. “ನಾನು ಅವನ ತಾಯಿ, ಡಾಕ್ಟ್ರೇ. ಅವನ ಪರವಾಗಿ ನಾನು ಹೇಳ್ತಿದ್ದೀನಿ. ಹಾಕೋಕೆ ಬಿಡಿ.”

ಇಪ್ಪತ್ತೆರಡು ಹಾಳೆ ಹಂಚಿದ್ದು ಅತ್ತೆಗೆ ಲೆಕ್ಕವಿತ್ತು. ಹೊಸ ಪುಟದ ಇಪ್ಪತ್ತೆರಡು ಪ್ರತಿ ತೆಗೆದು ಇಬ್ಬರೂ ಮೇಲಿನ ಮಹಡಿಯಿಂದ ಇಳಿಯುತ್ತ ಬಂದರು. ಎರಡನೆಯ ಮಹಡಿಯ ಗುಮಾಸ್ತ ಬಾಗಿಲನ್ನು ಅರ್ಧವೇ ತೆರೆದ.

“ಅಪ್ಪನಿಗೆ ನಾಲ್ಕು ದಿನದಿಂದ ಜ್ವರ. ಆದ್ರೆ ಆರಾಮಾಗಿದ್ದಾರೆ ಬಿಡಿ, ಏದುಸಿರೇನಿಲ್ಲ.”

“ನಾನೂ ಇದೇ ಮಾತು ಕೇಳ್ಕೊಂಡು ಕೂತಿದ್ದೆ ಕಣಪ್ಪ,” ಎಂದರು ಅತ್ತೆ. “ಈಗಲೇ ಹೋಗಿ ಅಪ್ಪನ ಬೆರಳಿಗೆ ಯಂತ್ರ ಹಾಕಿಸ್ಕೊಂಡು ಬಾ. ನೀನು ಹೊರಡೋವರೆಗೆ ನಾನು ಇಲ್ಲಿಂದ ಕದಲಲ್ಲ.”

ಅವನು ತಂದೆಯನ್ನು ಕರೆದುಕೊಂಡು ಹೊರಡುವವರೆಗೆ ಅವರು ಮೆಟ್ಟಿಲ ಮೇಲೇ ಕೂತಿದ್ದರು.

ಕೊನೆಗೆ ಉಳಿದದ್ದು ನೆಲಮಹಡಿಯ ದರ್ಜಿಯ ಅಂಗಡಿ. ಹಳೆಯ ಹಾಳೆ ಅವನ ಕನ್ನಡಿಯ ಪಕ್ಕ ಅಂಟಿಕೊಂಡಿತ್ತು. ದರ್ಜಿ ಹೊಸದನ್ನು ಅದರ ಮೇಲೇ ಅಂಟಿಸಲು ಹೊರಟ.

“ಮೇಲೆ ಬೇಡ,” ಎಂದ ಅತ್ತೆ ಮುಂದೆ ಬಂದು, ಮಗನ ಹಾಳೆಯನ್ನು ಉಗುರಿನಿಂದ ಕೆರೆದು ಕಿತ್ತರು. ಒಂದು ಮೂಲೆ ಗೋಡೆಯಲ್ಲೇ ಉಳಿಯಿತು. ಅದನ್ನೂ ಕೆರೆದರು.

ಸೊಸೆ ಕೈಚೀಲದಿಂದ ಉದ್ದನೆಯ ಕರೆಂಟ್ ವೈರೊಂದನ್ನು ತೆಗೆದಳು. ಜ್ವರ ಬಂದರೂ ಮಲಗಿದಲ್ಲೇ ಕೆಲಸ ಮಾಡುತ್ತೇನೆಂದು, ಕಂಪ್ಯೂಟರನ್ನು ಹಾಸಿಗೆಯ ಪಕ್ಕಕ್ಕೆ ಎಳೆದುಕೊಳ್ಳಲು, ಅವನು ದರ್ಜಿಯಿಂದ ಎರವಲು ತರಿಸಿಕೊಂಡಿದ್ದು. ಅವಳು ಅದನ್ನು ಒರೆಸಿ, ಸುತ್ತಿ, ಗಂಟು ಹಾಕಿದ್ದಳು.

“ಇದಕ್ಕೇನವಸರ ಇತ್ತಮ್ಮ?” ಎಂದ ದರ್ಜಿ. ಆಮೇಲೆ, ಬೇರೆ ಮಾತು ತೋಚದೆ, “ಅವರ ಕೆಲಸ ಮುಗೀತಾ?” ಎಂದು ಕೇಳಿದ.

“ಮುಗೀತು,” ಎಂದು ಅವಳು ವೈರನ್ನು ಅವನ ಮೇಜಿನ ಮೇಲಿಟ್ಟಳು.